ಗುಟ್ಟು ಕಾಯುವ ಕಿತ್ತಳೆ ಚೀಲ

ಮಾನ್ಯ ಸಂಶೋಧನಾ ಮುಖ್ಯಸ್ಥರೇ,

ಎಚ್‌ಐವಿ ಅಧ್ಯಯನಕ್ಕೆ ಬರುವ ನಮಗೆಲ್ಲ ತಾವು ಪ್ರೀತಿಯಿಂದ ಹಂಚಿದ ಕಿತ್ತಳೆ ಬಣ್ಣದ ಕೈಚೀಲದ ಮೇಲೆ ನನ್ನ ದೂರಿದೆ. ಉಡುಗೊರೆ ಪಡೆದು ದೂರುವ ಇವನೆಂಥ ಕೃತಘ್ನ ಎನ್ನಬೇಡಿ. ಆ ಚೀಲ ಕೈಗೆ ಬಂದ ದಿನ ಎಲ್ಲರಿಗಿಂತ ಹೆಚ್ಚು ಹಿಗ್ಗಿದವನೇ ನಾನು. ಬಳ್ಳಾರಿಯ ಜೀನ್ಸ್ ಕಾರ್ಖಾನೆಯೊಂದರಲ್ಲಿ ಕಟಿಂಗ್ ಮಾಸ್ಟರ್ ಆಗಿರುವುದರಿಂದ, ಹೊಲಿಗೆ ಎಳೆದು ನೋಡಿ, "ಗಟ್ಟಿ ಐತ್ರಿ" ಎಂದು ಪ್ರಮಾಣಪತ್ರವನ್ನೂ ಕೊಟ್ಟೆ.

ಗೋಪ್ಯತೆಯಲ್ಲಿ ತಮ್ಮನ್ನು ಮೀರಿಸುವವರಿಲ್ಲ. ನಮಗೆ ಹೆಸರಿನ ಬದಲು ಸಂಖ್ಯೆ ಕೊಟ್ಟಿರಿ, ಕಡತಗಳಿಗೆ ಬೀಗ ಹಾಕಿದಿರಿ. ನಾನೂ ಕೈಲಾದಷ್ಟು ಗುಟ್ಟು ಕಾಯ್ದೆ. ತಪಾಸಣೆಯ ದಿನವೆಲ್ಲ ಹಲ್ಲುನೋವೆಂದು ರಜೆ ಕೇಳುತ್ತಿದ್ದೆ. ನಮ್ಮ ಮಾಲೀಕರ ಲೆಕ್ಕದಲ್ಲಿ ಈಗ ನನ್ನ ಬಾಯಲ್ಲಿ ಒಂದೂ ಸ್ವಂತ ಹಲ್ಲಿಲ್ಲ. ಇಷ್ಟೆಲ್ಲ ನಾಟಕವಾಡಿದ ಈ ಜಾಣ, ಚೀಲ ಸಿಕ್ಕ ಮರುದಿನ ಅದರಲ್ಲೇ ಬುತ್ತಿ ಇಟ್ಟುಕೊಂಡು ಕಾರ್ಖಾನೆಗೆ ಹೋದ. "ಮಾಸ್ಟ್ರ, ಹಲ್ಲಿನ ಡಾಕ್ಟ್ರು ಚೀಲಾನೂ ಕೊಡ್ತಾರೇನ್ರಿ?" ಎಂದು ಟೇಲರ್ ದುರ್ಗೇಶ್ ಕೇಳಿದಾಗಲೂ ನನಗೆ ಬುದ್ಧಿ ಬರಲಿಲ್ಲ.

ಚೀಲದ ಮೇಲೆ ಕಾಯಿಲೆಯ ಹೆಸರಿಲ್ಲವಲ್ಲ ಎನ್ನುತ್ತೀರಿ. ನಿಜ. ಆದರೆ ಒಂದೇ ಬಾಗಿಲಿನಿಂದ ಒಂದೇ ಬಣ್ಣದ ಚೀಲ ಹಿಡಿದು ಹೊರಬರುವವರು ಯಾರೆಂದು ಎದುರಿನ ಮಿರ್ಚಿ ಬಂಡಿಯವನಿಗೆ ತಿಳಿಯಲು ಸಂಶೋಧನೆ ಬೇಕೇ? ನನ್ನ ಜತೆ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಸಿರುಗುಪ್ಪ ಕಡೆಯ ಹೆಣ್ಣುಮಗಳೊಬ್ಬಳಿದ್ದಾಳೆ. ಸುಂಕಮ್ಮ ಎನ್ನೋಣ, ನಿಜವಾದ ಹೆಸರು ಇಲ್ಲಿ ಹೇಳಲಾರೆ. ಬಸ್ಸಿನಲ್ಲಿ ಆಕೆಯ ಚೀಲ ನೋಡಿದ ಅದೇ ಊರಿನ ಹೆಂಗಸು, ತನ್ನ ಕೂಸನ್ನು ಎತ್ತಿಕೊಂಡು ಬೇರೆ ಸೀಟಿಗೆ ಹೋದಳಂತೆ. ಆಮೇಲೆ ಭತ್ತದ ನಾಟಿಗೆ ಸುಂಕಮ್ಮನನ್ನು ಯಾರೂ ಕರೆಯಲಿಲ್ಲ. ಆಕೆಯೂ ನಿಮ್ಮ ಕೇಂದ್ರಕ್ಕೆ ಬರಲಿಲ್ಲ. ಗುಳಿಗೆ ಸಿಗುವುದೂ ಅಲ್ಲೇ. ಫೋನ್ ಮಾಡಿದರೆ, "ಅಣ್ಣಾ, ಗುಳಿಗಿ ಮುಗದಾವು. ಸಾಯಾಕ ಮನಸಿಲ್ಲ ನನಗ. ಆದ್ರ ಆ ಬಾಗಿಲಿಗೆ ಹೆಂಗ ಬರ್ಲಿ ಹೇಳು" ಎಂದಳು.

ಕಳೆದ ವಾರದ ಸಭೆಯಲ್ಲಿ ನಿಮ್ಮ ಅಂಕಿಅಂಶ ತಜ್ಞರು ಪರದೆಯ ಮೇಲೆ ಬಣ್ಣದ ಕಂಬಗಳನ್ನು ತೋರಿಸಿ, ಅಧ್ಯಯನವನ್ನು ನಡುವೆ ಬಿಟ್ಟವರಿಗೆ ಕಾರಣ "ತಿಳಿವಳಿಕೆಯ ಕೊರತೆ" ಎಂದರು. ರೋಗಿಗಳ ಪ್ರತಿನಿಧಿಯೆಂದು ಮುಂದಿನ ಸಾಲಿನಲ್ಲಿ ಕೂತಿದ್ದ ನಾನು ಗೋಡಂಬಿ ಬಿಸ್ಕತ್ತು ಅಗಿಯುತ್ತ ಚಪ್ಪಾಳೆ ತಟ್ಟಿದೆ. ಆ ಕಂಬದೊಳಗೆ ಸುಂಕಮ್ಮನೂ ಇದ್ದಾಳೆಂದು ಹೊಳೆದದ್ದು ಮನೆ ಮುಟ್ಟಿದ ಮೇಲೆ. ತಿಳಿವಳಿಕೆ ಕಡಿಮೆಯಾದದ್ದು ಯಾರಿಗೆ ಸ್ವಾಮಿ? ಆಕೆಗೋ, ಚೀಲ ಹಂಚಿದ ತಮಗೋ, ಚಪ್ಪಾಳೆ ತಟ್ಟಿದ ನನಗೋ?

ಚೀಲ ಹಂಚುವುದನ್ನು ಇಂದೇ ನಿಲ್ಲಿಸಿ. ಆಪ್ತಸಮಾಲೋಚಕಿ ಹೇಮಾ ಮೇಡಂ ಅವರನ್ನು ಬೋರ್ಡು ಹಾಕಿದ ಜೀಪಿನಲ್ಲಲ್ಲ, ಮಾಮೂಲಿ ಬಸ್ಸಿನಲ್ಲಿ ಕಳಿಸಿ, ಸುಂಕಮ್ಮ ಹೇಳಿದ ಜಾಗದಲ್ಲಿ ಗುಳಿಗೆ ತಲುಪಿಸಿ. ಆಕೆ ಯಾರೆಂದು ಮೇಡಂ ಅವರಿಗೆ ಮಾತ್ರ ಹೇಳುತ್ತೇನೆ. ವರದಿಯಲ್ಲಿ ಆಕೆ ಬಿಟ್ಟುಹೋದ ಕಾರಣವನ್ನು ತಿದ್ದಿ. ಆಕೆಯನ್ನು ಓಡಿಸಿದವರು ನಾವು ಎಂದೇ ಬರೆಯಿರಿ.

ಈ ಪತ್ರವನ್ನು ಅಚ್ಚು ಹಾಕಲು ಒಪ್ಪಿದ ಪತ್ರಿಕೆಯವರು ನನ್ನ ಹೆಸರನ್ನೂ ಮರೆಮಾಚುತ್ತೇವೆ ಎಂದರು. ಹೆಸರಿಲ್ಲದ ದೂರು ತಮ್ಮಲ್ಲಿ ಕಸದ ಬುಟ್ಟಿಗೆ ಹೋಗುತ್ತದೆ. ಹೆಂಡತಿ ಸುನಂದಾಳನ್ನು ಕೇಳಿದೆ. "ಬರೀರಿ. ಊರೂ ಬರೀರಿ" ಎಂದಳು. ನನಗೆ ಭಯವಾಗುತ್ತಿದೆ. ಆದರೂ ಬರೆದಿದ್ದೇನೆ.

ಇಂತಿ,
ಇದು ಅಚ್ಚಾಗುವ ದಿನ ಕೆಲಸಕ್ಕೆ ರಜೆ ಹಾಕಿರುವ ಧೀರ,
ಗವಿಸಿದ್ದೇಶ್, ಕುರುಗೋಡು