ಕೌದಿಯ ಹೊಟ್ಟೆಗೆ ಮೆಣಸಿನಕಾಯಿ

೯ ಜನವರಿ ೧೯೭೯, ಮಂಗಳವಾರ

ಇವತ್ತೂ ಹುಲ್ಲಿನೊಳಗೆ ಚೂರು. ಸೊಲ್ಲಾಪುರದಿಂದ ಬಂದ ಪೆಟ್ಟಿಗೆ ಬಿಚ್ಚಿದೆ. ಮೇಲಿನ ಸಾಲು ಚೆನ್ನಾಗಿದೆ, ಕೆಳಗಿನ ಸಾಲು ಪೂರ್ತಿ ಪುಡಿ. ಕಂದೀಲಿನ ಗಾಜು ಒಡೆದರೆ ಯಾವ ಕೆಲಸಕ್ಕೂ ಬರುವುದಿಲ್ಲ. ಗುಡಿಸಿ ತಿಪ್ಪೆಗೆ ಹಾಕಿದೆ. ಬೆರಳಿಗೆ ತಾಗಿತು, ಅರಿಷಿಣ ಒತ್ತಿಕೊಂಡೆ.

ಇವರು ಒಳಗೆ ಮಂಚದ ಮೇಲೆ. ಓದುವವರು ಯಾರೂ ಇಲ್ಲದಿದ್ದರೂ ಗಂಡನ ಹೆಸರು ಬರೆಯಲಿಕ್ಕೆ ಕೈ ಬರುವುದಿಲ್ಲ, ಹಾಗಾಗಿ ‘ಇವರು’. ಹೋದ ತಿಂಗಳು ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ಟಾಪ್ ಮೇಲಿಂದ ಗಾಜಿನ ಪೆಟ್ಟಿಗೆ ಇಳಿಸುವಾಗ ಪೆಟ್ಟಿಗೆಯ ಜೊತೆ ತಾವೂ ಇಳಿದರು. ಬಲಗಾಲು ಮುರಿಯಿತು. ಅವತ್ತಿನಿಂದ ಅಂಗಡಿ ನಾನೇ ತೆಗೆಯುತ್ತಿದ್ದೇನೆ. ಕೀಲಿ ನನ್ನ ಸೊಂಟದಲ್ಲಿ. ಕಾಲು ನೆಟ್ಟಗಾಗುವ ತನಕ ಮಾತ್ರ ಎಂದು ದಿನಕ್ಕೊಮ್ಮೆ ನೆನಪು ಮಾಡುತ್ತಾರೆ. ಹೂಂ ಅನ್ನುತ್ತೇನೆ. ಹೂಂ ಅನ್ನಲಿಕ್ಕೆ ಏನು ಹೋಗುತ್ತದೆ.

ಸಂಜೆ ಇವರ ಅಣ್ಣ ದೌಲತರಾಯ ಭಾವ ಬಂದರು. ಚೂರು ನೋಡಿ ಖುಷಿಯಾದ ಹಾಗೆ ಕಂಡರು. ಕೀಲಿ ತಮಗೆ ಕೊಡಬೇಕಂತೆ, ಅಂಗಡಿಯಲ್ಲಿ ಸರಕಾರಿ ಗೊಬ್ಬರ ತುಂಬುತ್ತಾರಂತೆ. ಗೊಬ್ಬರ ಒಡೆಯುವುದಿಲ್ಲವಂತೆ. ಇವರು ಛಾವಣಿ ನೋಡುತ್ತ ಮಲಗಿದ್ದರು. ಬಾಗಿಲ ಮರೆಯಿಂದಲೇ ನಾನು ಅಂದೆ: “ಶಿವರಾತ್ರಿ ಒಳಗ ಜೇವರ್ಗಿ ಲಾಡ್ಲೆಸಾಬರ ಅಂಗಡಿಗಿ ಮಾಲು ಮುಟ್ಟಿಸೋದದ. ನಾನ ಒಯ್ತೇನಿ. ಒಡೀತಂದ್ರ ಕೀಲಿ ನಿಮ್ಮದ್ರಿ.”

ಹೇಳಿದ್ದು ಹೇಳಿದ್ದೇ.

೧೨ ಜನವರಿ

ಹುಲ್ಲು — ಎರಡು ಹಳ್ಳ ದಾಟುವಷ್ಟರಲ್ಲಿ ಒಂದು ಕಡೆ ಸರಿಯುತ್ತದೆ. ಹೊಟ್ಟು — ತಳಕ್ಕೆ ಇಳಿದು ಕೂರುತ್ತದೆ, ಮೇಲಿನ ಗಾಜು ಬತ್ತಲೆ. ಪೇಪರು — ಒಮ್ಮೆ ಒತ್ತಿದರೆ ಮತ್ತೆ ಉಬ್ಬುವುದಿಲ್ಲ. ಒಂದೊಂದರಲ್ಲೂ ಗಾಜು ತುಂಬಿ ಅತನೂರಿನ ತನಕ ಎತ್ತಿನ ಗಾಡಿಯಲ್ಲಿ ಕಳಿಸಿ ವಾಪಸ್ ತರಿಸಿದೆ. ಆ ದಾರಿಯಲ್ಲಿ ಮನುಷ್ಯರ ಹಲ್ಲೇ ಅಲುಗಾಡುತ್ತವೆ, ಗಾಜಿನ ಗತಿ ಏನು. ಮೂರರಲ್ಲೂ ಚೂರು.

ಹುಲ್ಲೇ ಸಾಕು, ಆದರೆ ತುಂಬಲಿಕ್ಕೆ ತಮ್ಮ ಕೈ ಬೇಕು ಎಂದು ಇವರು ಮಂಚದಿಂದ ಅಂದರು. ಕೈ ಚೆನ್ನಾಗೇ ಇದೆಯಲ್ಲ, ಮುರಿದಿದ್ದು ಕಾಲು, ಬಂದು ತುಂಬಿರಿ ಎಂದೆ.

೧೬ ಜನವರಿ

ಎಲುಬು ಕಟ್ಟುವ ಖಾಜಾ ಸಾಬರು ಬಂದಿದ್ದರು. ಇವರ ಕಾಲು ಬಿಚ್ಚಿ ಮತ್ತೆ ಕಟ್ಟಿದರು. ಮೊದಲು ಅರಳೆ. ಮೇಲೆ ಮೆತ್ತನೆ ಬಟ್ಟೆ. ಅದರ ಮೇಲೆ ಸುತ್ತಲೂ ಬಿದಿರಿನ ಸೀಳು. ಕೊನೆಗೆ ಸುತಳಿ. ನಾನು ದೀಪ ಹಿಡಿದುಕೊಂಡವಳು ಗಂಡನ ನರಳಾಟ ಕೇಳುವುದು ಬಿಟ್ಟು ಕಟ್ಟು ನೋಡುತ್ತ ನಿಂತುಬಿಟ್ಟೆ. ಇನ್ನೂ ಬಿಗಿ ಬೇಡವೇ ಎಂದು ಕೇಳಿದೆ.

“ಬಿಗಿದ್ರ ಕಾಲು ಸಾಯ್ತದವ್ವ, ಸಡಲ ಬಿಟ್ರ ಎಲುಬು ಸರೀತದ,” ಎಂದರು ಖಾಜಾ ಸಾಬರು. “ಒಳಗ ಮೆತ್ತಗಿರಬೇಕು, ಹೊರಗ ಗಟ್ಟಿ ಇರಬೇಕು.”

ಅವರು ಹೋದ ಮೇಲೆ ಟ್ರಂಕಿನಿಂದ ಅತ್ತೆಯವರ ಕೌದಿ ತೆಗೆದೆ. ತೀರಿಕೊಂಡು ಮೂರು ವರ್ಷ, ಅವರು ಉಟ್ಟ ಸೀರೆಗಳೆಲ್ಲ ಆ ಹೊದಿಕೆಯಲ್ಲಿ ಪದರ ಪದರವಾಗಿ ಹೊಲಿದಿವೆ. ಇಷ್ಟು ದಪ್ಪ, ಇಷ್ಟು ಮೆತ್ತಗಿನ ಬಟ್ಟೆ ಅಂಗಡಿಯಲ್ಲಿ ಸಿಗುವುದಿಲ್ಲ. ಕತ್ತರಿ ಹಿಡಿದು ಸ್ವಲ್ಪ ಹೊತ್ತು ಕೂತೆ. ಆಮೇಲೆ ಕತ್ತರಿಸಿದೆ.

೧೮ ಜನವರಿ

ಸುದ್ದಿ ಭಾವನವರಿಗೆ ಮುಟ್ಟಿದೆ. ಅವ್ವನ ಕೌದಿ ಹರಿದವಳು ಮನೆ ಉಳಿಸುತ್ತಾಳೆಯೇ ಎಂದು ಓಣಿಯ ತುಂಬ ಹೇಳುತ್ತಿದ್ದಾರಂತೆ. ಅತ್ತೆ ಇದ್ದಾಗ ಆ ಕೌದಿ ತೊಳೆದವಳು ನಾನು, ಒಗೆದು ಹಿಂಡಿ ರಟ್ಟೆ ಬಿದ್ದವಳು ನಾನು. ಭಾವನವರು ಒಂದು ಸಲವಾದರೂ ಬಿಸಿಲಿಗೆ ಹಾಕಿದ್ದರೇ? ಸಿಟ್ಟು ಬಂತು. ಈಗಲೂ ಇದೆ.

೨೭ ಜನವರಿ

ಕೌದಿ ಹೊಲಿಯುವ ನಿಂಬೆವ್ವ ಪಡಸಾಲೆಯಲ್ಲೇ ಠಿಕಾಣಿ. ಈ ಓಣಿಯಲ್ಲಿ ಹುಟ್ಟಿದ ಕೂಸುಗಳೆಲ್ಲ ಆಕೆ ಹೊಲಿದ ಕೌದಿಯಲ್ಲೇ ಮಲಗಿದ್ದು. ನಾನು ಹೇಳಿದ ಹಾಗೆ ಉದ್ದನೆ ಪಟ್ಟಿ, ಅದಕ್ಕೆ ಸಾಲಾಗಿ ಜೇಬು. ಒಂದೊಂದು ಜೇಬಿಗೆ ಒಂದೊಂದು ಗಾಜು, ಗಾಜಿನ ಹೊಟ್ಟೆಯೊಳಗೆ ಅರಳೆ. ಪಟ್ಟಿ ಸುರುಳಿ ಸುತ್ತಿ, ಹೊರಗೆ ಬಿದಿರಿನ ಸೀಳು, ಸುತಳಿ. ಇವರ ಕಾಲೇ ಗುಂಡಾಗಿ ಕೂತ ಹಾಗೆ ಕಾಣುತ್ತದೆ. ನಾನು ಹಾಗೆಂದಾಗ ಇವರೂ ನಕ್ಕರು — ಎಷ್ಟೋ ದಿನದ ಮೇಲೆ.

ಒಂದು ಸುರುಳಿ ಅತನೂರಿನ ದಾರಿಯಲ್ಲಿ ಹೋಗಿ ಬಂತು. ಬಿಚ್ಚಿದೆ. ಒಂದೂ ಒಡೆದಿಲ್ಲ!

ಎಲ್ಲ ಸುರುಳಿ ಅಟ್ಟದ ಮೇಲೆ ಇಟ್ಟೆ. ಸ್ವಲ್ಪ ಮೆರೆದೆ ಕೂಡ. ಮೆರೆದರೇನಂತೆ.

೨ ಫೆಬ್ರವರಿ

ಮುಗಿಯಿತು ಅಂದುಕೊಂಡೆ.

ಬೆಳಿಗ್ಗೆ ಎದ್ದರೆ ನೆಲದ ತುಂಬ ಗಾಜು. ಇಲಿ. ಒಂದೊಂದು ಸುರುಳಿಯದೂ ಮೂಲೆಯೇ ಕಡಿದಿವೆ, ಬೇರೆ ಎಲ್ಲೂ ಮುಟ್ಟಿಲ್ಲ. ಹೊಲಿಗೆ ಬಿಚ್ಚಿ ಗಾಜು ಜಾರಿ ಅಟ್ಟದಿಂದ ಬಿದ್ದಿವೆ. ಮೂಲೆಯೇ ಯಾಕೆ? ಉಳಿದ ಒಂದು ಮೂಲೆ ಬಿಚ್ಚಿ ನೋಡಿದೆ. ಒಳಗೆ ರೊಟ್ಟಿ ತುಣುಕು.

ನಿಂಬೆವ್ವನನ್ನು ಕರೆಸಿದೆ. ಆಕೆಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. “ಕೌದಿ ಹೊಟ್ಟಿ ಖಾಲಿ ಬಿಟ್ಟು ಹೊಲೀತಾರೇನ್ ಬೇ? ಕಡೀ ಮೂಲಿಗಿ ರೊಟ್ಟಿ ಇಡಬೇಕು. ಹಸದ ಕೌದಿ ಹೊತ್ಕೊಂಡವರಿಗಿ ನಿದ್ದಿ ಬರ್ತದೇನು?”

ಬಯ್ಯಲಿಕ್ಕೆ ನನಗೆಲ್ಲಿಯ ಬಾಯಿ. ತವರಿನಲ್ಲಿ ನಾನೂ ಅವ್ವನ ಪಕ್ಕ ಕೂತು ಪ್ರತಿ ಕೌದಿಯ ಮೂಲೆಗೂ ರೊಟ್ಟಿ ಇಟ್ಟವಳು. ಈಕೆ ಇಡುತ್ತಾಳೆಂದು ಗೊತ್ತಾಗಬೇಕಿತ್ತು. ಗಾಜಿಗೆ ನಿದ್ದೆ ಬೇಕಿಲ್ಲ ನಿಂಬೆವ್ವ ಎಂದೆ. ಇಬ್ಬರೂ ಚೂರಿನ ನಡುವೆ ಕೂತು ಅತ್ತೆವೋ ನಕ್ಕೆವೋ, ಈಗ ಹೇಳಲಿಕ್ಕಾಗುವುದಿಲ್ಲ.

ಭಾವನವರು ವಾಸನೆ ಹಿಡಿದು ಬಂದರು. ಹೊಸ್ತಿಲಲ್ಲೇ ಕೈ ಚಾಚಿದರು. ಆಯಿತಲ್ಲ, ಕೀಲಿ ಎಂದರು.

ಈ ಸಲ ಬಾಗಿಲ ಮರೆಗೆ ಹೋಗಲಿಲ್ಲ. ಸೆರಗು ಬಿಗಿದು ಎದುರಿಗೇ ನಿಂತೆ. “ಮಾತು ಜೇವರ್ಗಿ ತನಕ ಇತ್ತು ಭಾವನೋರೆ. ಅಟ್ಟದ ತನಕ ಅಲ್ರಿ.”

ಹೋದರು. ಹೋಗುವಾಗ ತಾವೂ ಜೇವರ್ಗಿಗೆ ಬರುವುದಾಗಿ ಹೇಳಿದರು, ಕಣ್ಣಾರೆ ನೋಡಲಿಕ್ಕೆ. ಬರಲಿ.

೫ ಫೆಬ್ರವರಿ

ಸೊಲ್ಲಾಪುರಕ್ಕೆ ಹೊಸ ಗಾಜಿಗೆ ಹೇಳಿ ಕಳಿಸಿದೆ. ಅತ್ತೆಯ ಕೌದಿ ಹರಿದಲ್ಲೆಲ್ಲ ನನ್ನ ಸೀರೆಯ ತೇಪೆ. ನಿಂಬೆವ್ವ ಮಾತ್ರ ಸೂಜಿ ಕೆಳಗಿಟ್ಟು ಕೂತಿದ್ದಾಳೆ. ಮೂಲೆ ಖಾಲಿ ಬಿಟ್ಟು ಹೊಲಿಯುವುದಿಲ್ಲ, ಕೈ ಕತ್ತರಿಸಿದರೂ ಇಲ್ಲ. ನನಗಿಂತ ಹಟಮಾರಿ. ಕಡೆಗೆ ಅಡುಗೆಮನೆಗೆ ಹೋಗಿ ಒಣ ಮೆಣಸಿನಕಾಯಿ ತಂದು ಆಕೆಯ ಮಡಿಲಿಗೆ ಸುರಿದೆ. ಹೊಟ್ಟೆಗೆ ಏನಾದರೂ ಬೇಕು ತಾನೇ, ಇದನ್ನು ಇಡು ಎಂದೆ.

ಮುದುಕಿ ಒಂದು ಮೆಣಸಿನಕಾಯಿ ಎತ್ತಿ ಮೂಸಿದಳು. “ಉಂಡಂಗೂ ಆತು, ಕಾದಂಗೂ ಆತು,” ಎಂದು ಸೂಜಿ ಎತ್ತಿಕೊಂಡಳು.

೧೩ ಫೆಬ್ರವರಿ

ಅಟ್ಟದ ಹೊಸ ಸುರುಳಿಗಳನ್ನು ಇಲಿ ಮೂಸಿ ಹೋಗಿವೆ. ಮೆಣಸಿನಕಾಯಿ ಒಂದೂ ಮುಟ್ಟಿಲ್ಲ.

೨೦ ಫೆಬ್ರವರಿ, ಜೇವರ್ಗಿ, ಮಧ್ಯಾಹ್ನ

ಲಾಡ್ಲೆಸಾಬರ ಅಂಗಡಿಯ ಹಿಂದಿನ ಕೋಣೆ. ಅವರ ಹೆಂಡತಿ ಮುಮತಾಜ ಚಹಾ ಕೊಟ್ಟಿದ್ದಾಳೆ. ಮಂಡಿಯ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ.

ಗುಲಬರ್ಗಾದಲ್ಲಿ ಬಸ್ ಬದಲಿಸುವಾಗ ಹಮಾಲ ಸುರುಳಿಗಳನ್ನು ಹಾಸಿಗೆಯೆಂದು ತಿಳಿದು ಎಸೆಯಲಿಕ್ಕೆ ಹೋದ. ಕಚ್ಚೆ ಬಿಗಿದು ನಾನೇ ಏಣಿ ಹತ್ತಿದೆ. ಸ್ಟ್ಯಾಂಡಿಗೆ ಸ್ಟ್ಯಾಂಡೇ ನೋಡಿತು. ಭಾವನವರು ಮುಖ ತಿರುಗಿಸಿ, ಯಾರ ಮನೆಯ ಹೆಂಗಸೋ ಅನ್ನುವ ಹಾಗೆ ನಿಂತರು.

ಇಲ್ಲಿ ಇಳಿಸುವಾಗ ಮಾತ್ರ ಒಂದು ಸುರುಳಿ ನನ್ನ ಕೈ ಜಾರಿತು. ಟಾಪ್ ಮೇಲಿಂದ ಸೀದಾ ನೆಲಕ್ಕೆ. ಇವರು ಬಿದ್ದ ಹಾಗೇ. ಮುಗೀತು ಎಂದು ಭಾವನವರು ಅಂದದ್ದು ಮೇಲಿನ ತನಕ ಕೇಳಿಸಿತು.

ಅದನ್ನೇ ಮೊದಲು ಬಿಚ್ಚಿರಿ ಎಂದೆ. ಲಾಡ್ಲೆಸಾಬರು ಒಂದೊಂದೇ ಗಾಜು ತೆಗೆದು ಉಗುರಿನಿಂದ ತಟ್ಟಿದರು. ಟಣ್. ಟಣ್. ಬಿರುಕು ಬಿಟ್ಟ ಗಾಜು ಹಾಗೆ ಅನ್ನುವುದಿಲ್ಲ. ಜೇಬುಗಳೆಲ್ಲ ಖಾಲಿಯಾದವು. ಒಂದೂ ಒಡೆದಿರಲಿಲ್ಲ.

ಭಾವನವರು ಖಾಲಿ ಪಟ್ಟಿ ಕೈಗೆ ತೆಗೆದುಕೊಂಡರು. ಬೈಯುತ್ತಾರೆ ಅಂದುಕೊಂಡೆ. ಒಂದು ಹಸಿರು ತೇಪೆ ಸವರಿದರು. “ಇದು ಅವ್ವನ ಜಾತ್ರಿ ಸೀರಿ,” ಎಂದರು, ಅಷ್ಟೇ. ಗೊಬ್ಬರದ ಮಾತು ಬರಲಿಲ್ಲ. ಮಡಚಿ ನನ್ನ ಕೈಗೆ ಕೊಟ್ಟರು. ಪಾಪ ಅನ್ನಿಸಿತು. ಆದರೆ ಸೋತದ್ದು ಸೋತದ್ದೇ.

೨೬ ಫೆಬ್ರವರಿ, ಸೋಮವಾರ, ಬೆಳಿಗ್ಗೆ

ನಿನ್ನೆ ಖಾಜಾ ಸಾಬರು ಇವರ ಕಟ್ಟು ಪೂರ್ತಿ ಬಿಚ್ಚಿದರು. ಕಾಲು ಬಿಳುಪಾಗಿ ಸಣ್ಣಗಾಗಿದೆ, ಆದರೆ ನೆಟ್ಟಗಿದೆ. ಸಂತೋಷವಾಯಿತು. ನಿಜವಾಗಿ.

ಇವತ್ತು ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ಇಬತ್ತಿ ಹಚ್ಚಿ, ಟೊಪ್ಪಿಗೆ ಹಾಕಿ, ಕೋಲು ಹಿಡಿದು ಬಾಗಿಲಿಗೆ ಬಂದರು. ಕೈ ಚಾಚಿದರು. ಅಣ್ಣ ಕೈ ಚಾಚಿದ ಹಾಗೇ, ಅದೇ ಹೊಸ್ತಿಲು.

“ಕೀಲಿ ಕೊಡು.”

“ಗಲ್ಲಾಕ್ಕ ನೀವು ಕೂಡ್ರಿ,” ಎಂದೆ. “ಮಾಲು ನಾನು ಕಟ್ತೇನಿ, ಬಾಗಿಲಾ ನಾನು ತೆಗೀತೇನಿ. ಕೀಲಿ ಕೊಡಂಗಿಲ್ರಿ.”

ನನ್ನನ್ನು ನೋಡಿದರು. ಸೊಂಟ ನೋಡಿದರು. ಕೋಲೂರಿಕೊಂಡು ಹೊರಟರು. ಎಲ್ಲಿಗೆ? ಕಿಟಕಿಯಿಂದ ನೋಡಿದರೆ ಎದುರಿಗೆ ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದಾರೆ, ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು, ಕಾಲು ಚಾಚಿಕೊಂಡು. ಕಾಯುತ್ತಿದ್ದಾರೆ. ಜಗದೇವಪ್ಪನವರು — ಬರೆದೇಬಿಟ್ಟೆ — ನಾನು ಬಂದು ಬಾಗಿಲು ತೆಗೆಯಲಿ ಎಂದು ಕಾಯುತ್ತಿದ್ದಾರೆ. ಬಿಸಿಲೇರುತ್ತಿದೆ, ಮುರಿದ ಕಾಲು, ಇನ್ನು ಹೋಗಬೇಕು. ಈ ಸಾಲು ಮುಗಿಸಿ