ಬುಧವಾರ ಹೊರಗೆ ಬಾರದ ಕೋಳಿ

ಫಿಂಚ್ ಹಾರ್ಬರ್, ನ್ಯೂಯಾರ್ಕ್
ಫೆಬ್ರವರಿ ೬, ಗುರುವಾರ

ಹಿಮರಜಾ ಭವಿಷ್ಯ ಮಂಡಳಿಯ ಮಹಾಮಾನ್ಯ ಸಹ ಅಧ್ಯಕ್ಷೆ ಡೆಲ್ಲಾ ಅವರ ಸನ್ನಿಧಾನಕ್ಕೆ,

ಅಧ್ಯಕ್ಷ ಏಮೊಸ್ ಮಾಡುವ ನಮಸ್ಕಾರಗಳು. ನಿನ್ನ ಕಾಗದಕ್ಕೆ ಮೂರು ವಾರ ತಡವಾಗಿ ಉತ್ತರಿಸುತ್ತಿದ್ದೇನೆ, ಕ್ಷಮಿಸು. ಮಂಡಳಿಯ ಮಾನ ಅಪಾಯದಲ್ಲಿತ್ತು. ಈಗ ಉಳಿಯಿತು. ಇವತ್ತು ಹಿಮದಿಂದಾಗಿ ಶಾಲೆಗೆ ರಜೆ!

ನಿನ್ನೆ ಮಧ್ಯಾಹ್ನ ಶಾಲೆಯಲ್ಲಿ ಊಟದ ಹೊತ್ತಿಗೆ ನಮ್ಮ ಕ್ಲಾಸಿನ ಗ್ರಾಂಟ್ ತನ್ನ ಫೋನನ್ನು ಎಲ್ಲರ ಮೂಗಿಗೆ ಹಿಡಿದ. "ನೋಡ್ರೋ, ಹಿಮ ಬೀಳೋದು ಎರಡೇ ಇಂಚು. ರಜೆ ಸಿಗೋದು ಶೇಕಡಾ ಹನ್ನೊಂದು. ಏಮೊಸ್, ನಿನ್ನ ಮಂಡಳಿಗೆ ಬೀಗ ಹಾಕು!"

ನಾನು ತಟ್ಟೆ ಇಡುವ ನೆಪದಲ್ಲಿ ಶಾಲೆಯ ಅಡುಗೆಮನೆಗೆ ಇಣುಕಿದೆ. ಗುರುವಾರದ ಊಟದ ಕೋಳಿಯನ್ನು ಬುಧವಾರವೇ ಫ್ರೀಜರಿನಿಂದ ತೆಗೆದಿಡುತ್ತಾರಲ್ಲ? ಮೇಜು ಖಾಲಿ!

"ಮಿಸೆಸ್ ಝೆಲಿನ್ಸ್ಕಿ, ಕೋಳಿ ಎಲ್ಲಿ?"

"ನಿನಗ್ಯಾಕಯ್ಯಾ ಅದು? ನಡಿ ಆಚೆ!" ಎಂದು ನಮ್ಮ ಅಡುಗೆಯವರು ಸೌಟು ಎತ್ತಿದರು.

ಅವರ ಗಂಡ ಹಿಮ ತಳ್ಳುವ ಲಾರಿ ಓಡಿಸುವವರು. ಮೊದಲು ಮಳೆ ಹನಿಸಿ, ಆಮೇಲೆ ಹೆಪ್ಪುಗಟ್ಟಿದರೆ ಚರ್ಚ್ ಗುಡ್ಡದ ರಸ್ತೆ ಗಾಜಾಗುತ್ತದೆ, ಬಸ್ಸು ಹತ್ತುವುದಿಲ್ಲ ಎಂದು ಅವರಿಗೆ ಗೊತ್ತು, ಹೆಂಡತಿಗೂ ಹೇಳಿರುತ್ತಾರೆ; ಅದಕ್ಕೇ ಕೋಳಿ ಫ್ರೀಜರಿನಲ್ಲೇ ಉಳಿದಿತ್ತು. ಫೋನಿಗೆ ಇಂಚು ಮಾತ್ರ ಗೊತ್ತು.

ವಾಪಸು ಬಂದು ಬೆಂಚು ಹತ್ತಿ, "ನಾಳೆ ರಜೆ" ಎಂದು ಘೋಷಿಸಿದೆ.

"ತಪ್ಪಿದ್ರೆ?" ಎಂದ ಗ್ರಾಂಟ್.

"ನಮ್ಮ ಕಪ್ಪು ನೋಟ್‌ಬುಕ್ ನಿಂದು."

ನಾವಿಬ್ಬರೂ ನಾಲ್ಕು ಚಳಿಗಾಲ ಭವಿಷ್ಯ ಬರೆದ ನೋಟ್‌ಬುಕ್, ಡೆಲ್ಲಾ! ಮನೆಗೆ ಬಂದವನೇ, ಹಿಮ ಕರೆಯುವ ಹಳೇ ನಂಬಿಕೆಯಂತೆ, ಪೈಜಾಮವನ್ನು ಒಳಮೈ ಹೊರಗೆ ಮಾಡಿ ಹಾಕಿಕೊಂಡೆ, ದಿಂಬಿನಡಿ ಚಮಚ ಇಟ್ಟೆ. ವಿಜ್ಞಾನವೊಂದನ್ನೇ ನಂಬಬಾರದು. "ಒಂದು ಸಾಕಲ್ವೇನೋ? ಉಳಿದ ಐದು ಚಮಚ ವಾಪಸ್ ತಾ, ಸೂಪ್ ಕುಡೀಬೇಕು," ಎಂದರು ಅಮ್ಮ.

ಬೆಳಗ್ಗೆ ಐದೂವರೆಗೆ ಶಾಲೆಯಿಂದ ಫೋನ್. ಹಿಮ ಒಂದೂವರೆ ಇಂಚು, ರಸ್ತೆಯೆಲ್ಲ ಮಂಜುಗಡ್ಡೆ, ರಜೆ! ಒಂಬತ್ತಕ್ಕೆ ಗ್ರಾಂಟ್ ಬಂದ. "ಹೆಂಗೋ ಗೊತ್ತಾಯ್ತು?"

"ಮಂಡಳಿಯ ಗುಟ್ಟು. ಮೊದಲು ನಮ್ಮನೆ ಮೆಟ್ಟಿಲಿನ ಮಂಜುಗಡ್ಡೆ ಕೆರೆದು ಕೊಡು."

ಕೆರೆದ, ಕಣೇ! ನಾನು ಕಿಟಕಿಯಲ್ಲಿ ಬಿಸಿ ಕೋಕೋ ಹಿಡಿದು ರಾಜನ ಹಾಗೆ ಕೈ ಬೀಸಿದೆ.

ನಿನ್ನ ಫ್ಲೋರಿಡಾದ ಬಿಸಿಲಿನ ಮೇಲೂ ಒಂದು ದಿನ ರಜೆಯ ಹಿಮ ಬೀಳಲಿ ಎಂದು ಹರಸುವ,

ಅಧ್ಯಕ್ಷ ಏಮೊಸ್

ಮರೆತ ಮಾತು: ನೋಟ್‌ಬುಕ್ಕಿನಲ್ಲಿ ಇಬ್ಬರೂ ಶೇಕಡಾ ಅಂಕಿ ಬರೆಯದಿದ್ದರೆ ಭವಿಷ್ಯ ಲೆಕ್ಕಕ್ಕಿಲ್ಲ ಎಂಬುದು ನೀನೇ ಮಾಡಿದ ನಿಯಮ. ನನ್ನದು ತೊಂಬತ್ತು. ನಿನ್ನ ಜಾಗದಲ್ಲಿ ನಾನೇ ನೂರು ಬರೆದೆ. ನೀನು ಅಕ್ಟೋಬರಿನ ಬಿಸಿಲಲ್ಲೂ ನೂರೇ ಬರೆಯುತ್ತಿದ್ದೆಯಲ್ಲ. ಮೂರು ಸಲ ಅಳಿಸಿ ಬರೆದರೂ ಸೊನ್ನೆಗಳು ನಿನ್ನವುಗಳ ಹಾಗೆ ಬರಲಿಲ್ಲ.