ಅಟ್ಟಕ್ಕೆ ಹೊದಿಸಿದ ಉಣ್ಣೆ

ವಾಲ್ಯಾ ಸ್ಟ್ರಿಂಬಾ, ಮರಮುರೆಶ್
ನವೆಂಬರ್ ಮೂರು, ಶನಿವಾರ

ಪ್ರೀತಿಯ ಸಾವೆತಾ,

ಮಂಡಿನೋವು ಹೇಗಿದೆ? ಪಾದೊವಾದ ಆ ಮನೆಯ ಮೆಟ್ಟಿಲುಗಳು ಇನ್ನೂ ಅಷ್ಟೇ ಇವೆಯೋ, ನಿನ್ನ ಮೇಲೆ ಕನಿಕರಪಟ್ಟು ಒಂದೆರಡು ಕಡಿಮೆಯಾದವೋ? ನೀನು ನೋಡಿಕೊಳ್ಳುವ ಮುದುಕರ ಕ್ಷೇಮವನ್ನೂ ವಿಚಾರಿಸಿದ್ದೇನೆಂದು ತಿಳಿಸು. ವೈದ್ಯರು ಅವರಿಗೆ ಆರು ತಿಂಗಳು ಕೊಟ್ಟು ಒಂಬತ್ತು ವರ್ಷವಾಯಿತು. ಅವರು ಇಷ್ಟು ನಿಷ್ಠೆಯಿಂದ ಬದುಕುತ್ತಿರುವುದಕ್ಕೆ ನಿನ್ನ ಕೈಯ ಸಾರೇ ಕಾರಣವಿರಬೇಕು. ಅದರ ರುಚಿ ನನಗೆ ಮರೆತುಹೋಗಿರುವುದರಿಂದ ಖಚಿತವಾಗಿ ಹೇಳಲಾರೆ.

ಇಲ್ಲಿ ಒಂದು ಐತಿಹಾಸಿಕ ಕಾರ್ಯ ನೆರವೇರಿದೆ. ಅಟ್ಟದ ನೆಲಕ್ಕೆ ಉಣ್ಣೆ ಹೊದಿಸಿದ್ದೇನೆ. ಪರದೇಶಕ್ಕೆ ದುಡಿಯಲು ಹೋಗುವಾಗ ನೀನು ಬಸ್ಸಿನ ಬಾಗಿಲಲ್ಲಿ ನಿಂತು, "ಒಲೆಯ ಶಾಖವೆಲ್ಲ ಸೂರಿನಿಂದ ಹಾರಿ ಹೋಗತ್ತೆ ಕಣ್ರೀ, ಮನೆ ಬೆಚ್ಚಗಾದ ದಿನ ಬರ್ತೀನಿ" ಎಂದಿದ್ದೆಯಲ್ಲ, ಅದಕ್ಕೇ. ಈಗ ನಮ್ಮ ಕುರಿಗಳ ಉಣ್ಣೆಯನ್ನು ಕೊಳ್ಳುವವರಿಲ್ಲ, ಊರವರೆಲ್ಲ ಹಳ್ಳದ ಪಕ್ಕ ಸುಡುತ್ತಾರೆ. ನಾನು ಎರಡು ವರ್ಷದ್ದನ್ನು ತೊಳೆದು, ಒಣಗಿಸಿ, ಹಿಂಜಿ, ತೊಲೆಗಳ ನಡುವೆಯೂ ಮೇಲೆಯೂ ಮೊಳದೆತ್ತರ ಹರಡಿದೆ. ಪಕ್ಕದ ಮನೆಯ ಇರಿಮಿಯೆ ಬೇಲಿಯಾಚೆಯಿಂದಲೇ, "ಏನಪ್ಪಾ ಗವ್ರಿಲ, ಹೆಂಡತಿ ಇಲ್ಲ ಅಂತ ಮನೆಗೇ ಸ್ವೆಟರ್ ಹಾಕ್ತಿದೀಯಾ?" ಎಂದು ವಿಚಾರಿಸಿದ. ಒಳ್ಳೆಯ ನೆರೆಯವ, ಸತ್ಯವನ್ನು ಎಂದೂ ಮೆಲ್ಲಗೆ ಹೇಳಿದವನಲ್ಲ.

ಆದರೆ ನನ್ನ ಬುದ್ಧಿಯನ್ನು ನೀನು ಬಲ್ಲೆ. ಆಚೆಯ ಗೋಡೆಯಿಂದ ಶುರುಮಾಡಿ ಏಣಿಯ ಕಡೆಗೆ ಬರಬೇಕಿತ್ತು. ನಾನು ಏಣಿಯಿಂದ ಶುರುಮಾಡಿ ಆಚೆಯ ಗೋಡೆಗೆ ಹೋದೆ. ಕೊನೆಯ ಹಿಡಿ ಉಣ್ಣೆ ಹರಡಿ ತಿರುಗಿದರೆ ಏಣಿಯವರೆಗೂ ಬರೀ ಬಿಳಿ ಮೋಡ. ತೊಲೆ ಎಲ್ಲಿ, ಕೆಳಗಿನ ತೆಳ್ಳನೆಯ ಹಲಗೆ ಎಲ್ಲಿ, ಒಂದೂ ಕಾಣದು. ತಪ್ಪಿ ಹೆಜ್ಜೆಯಿಟ್ಟರೆ ನೇರವಾಗಿ ಕೆಳಗೆ ಒಲೆಯ ಪಕ್ಕ ಕೂತಿದ್ದ ನಿನ್ನ ಅಮ್ಮನ ಮಡಿಲಿಗೆ. ಆ ಮೂಲೆಯಲ್ಲಿ ನನಗೆ ಜೊತೆಯಿದ್ದದ್ದು ನಮ್ಮಿಬ್ಬರ ಶವಪೆಟ್ಟಿಗೆಗಳು ಮಾತ್ರ. ನೀನು ಹೋಗುವ ಹಿಂದಿನ ವರ್ಷ, ಒಳ್ಳೆಯ ಫರ್ ಮರದ ಹಲಗೆ ಸಿಕ್ಕಿತೆಂದು, ಊರಿನವರು ಮುದಿತನದಲ್ಲಿ ಮಾಡಿಸಿಡುವುದನ್ನು ನಾನು ವಯಸ್ಸಿಗೆ ಮೊದಲೇ ಮಾಡಿಟ್ಟೆನಲ್ಲ, ಅವೇ. ಅಳತೆ ಕೊಡಲು ನೀನು ನೆಲದ ಮೇಲೆ ಮಲಗಿ ನಗು ತಡೆಯಲಾರದೆ ಮೂರು ಸಲ ಅಳತೆ ಕೆಡಿಸಿದ್ದೆ. ಅಂತೂ ಹೇಗೋ ಇಳಿದು ಬಂದೆ.

ಮನೆ ಈಗ ಬೆಚ್ಚಗಿದೆ. ಅತ್ತೆ ಶಾಲು ತೆಗೆದಿಟ್ಟಿದ್ದಾರೆ. ಹೋದ ವಾರ ಫೋನಿನಲ್ಲಿ ನಿನಗೆ ಇದನ್ನು ಹೇಳಿದಾಗ ನೀನು, "ಕಿಟಕಿಗಳೂ ಹಳೇವು ಅಲ್ವಾ" ಎಂದೆ. ನಾನು ಕೂಡಲೇ ಅಳತೆಪಟ್ಟಿ ಹುಡುಕತೊಡಗಿದೆ. ಅತ್ತೆ ಒಲೆಯ ಪಕ್ಕದಿಂದ ನೋಡುತ್ತಿದ್ದವರು, "ಅಳಿಯಂದ್ರೇ, ನನ್ ಮಗಳಿಗೆ ಚಳಿ ಹತ್ತಿದ್ದು ಅಟ್ಟದಿಂದ ಅಂತ ಇನ್ನೂ ನಂಬಿದೀರಾ?" ಎಂದರು. ಅಳತೆಪಟ್ಟಿ ಸಿಗಲಿಲ್ಲ.

ಮುದುಕರಿಗೆ ನನ್ನ ನಮಸ್ಕಾರ. ದೇವಮಾತೆ ನಿನ್ನ ಮಂಡಿಗಳನ್ನು ಕಾಯಲಿ.

ನಿನ್ನ
ಗವ್ರಿಲ

ಮರೆತಿದ್ದೆ: ಅಟ್ಟದಿಂದ ಇಳಿದದ್ದು ಹೇಗೆಂದರೆ, ಒಂದು ಪೆಟ್ಟಿಗೆ ಬಿಚ್ಚಿ ಅದರ ಹಲಗೆಗಳನ್ನು ಏಣಿಯವರೆಗೂ ಹಾಸಿಕೊಂಡು ಬಂದೆ. ನನ್ನದರಲ್ಲಿ ಅಕ್ರೋಟು ತುಂಬಿತ್ತು, ನಿನ್ನದು ಖಾಲಿಯಿತ್ತು. ನೀನು ಬರುವುದಾದರೆ ತಿಳಿಸು, ಹೊಸದು ಮಾಡುತ್ತೇನೆ. ಇಲ್ಲವಾದರೆ ಆ ಹಲಗೆಗಳಿಗೆ ಅಟ್ಟದಲ್ಲೇ ಮೊಳೆ ಹೊಡೆದುಬಿಡುತ್ತೇನೆ, ನಡೆದಾಡಲು ಚೆನ್ನಾಗಿವೆ.